ಎಡಗೈಯ ದುಂಬಿ

ಸೋಮವಾರ, ಬುಧವಾರ, ಶುಕ್ರವಾರ
ಬೆಳಿಗ್ಗೆ ಆರೂಕಾಲಿಗೆ ವ್ಯಾನು ಬರುತ್ತದೆ.
ಸ್ವಾನ್ಸೀಯ ದಿಬ್ಬದ ಬೀದಿಗಳಿಗೆ ಇನ್ನೂ ನಿದ್ದೆ,
ಕಡಲ ಮೇಲೆ ಮಾತ್ರ ಯಾರೋ ಹಾಲು ಚೆಲ್ಲಿದ ಹಾಗೆ ಬೆಳಕು.
ಸ್ವೆಟರಿನ ಎಡತೋಳು ಸೀಳಿ ಗುಂಡಿ ಹೊಲಿದುಕೊಂಡಿದ್ದೇನೆ,
ಸೂಜಿಗೆ ದಾರಿ ಬಿಡಲು.
ಎಪ್ಪತ್ತಮೂರಕ್ಕೆ ಇದೊಂದು ಹೊಸ ಫ್ಯಾಷನ್ನು.

ಮೊದಲು ತೂಕ.
ಹೆಣ್ಣು ನೋಡಲು ಬಂದವರು ಕೂಡ
ನನ್ನನ್ನು ಇಷ್ಟು ಅಳೆದು ತೂಗಿರಲಿಲ್ಲ.
ಒಂದೂಮುಕ್ಕಾಲು ಕಿಲೋ ಹೆಚ್ಚು. ಅಷ್ಟೂ ನೀರು,
ಭಾನುವಾರ ಕದ್ದು ಕುಡಿದ ಸಾರೂ ಸೇರಿ.
ಮಷೀನು ಎಲ್ಲ ಹೇಳಿಬಿಡುತ್ತದೆ, ಚಾಡಿಕೋರ.

ಈ ಊರಿನಲ್ಲಿ ಮಳೆಗೆ ರಜೆಯೇ ಇಲ್ಲ.
ಕಿಟಕಿ, ಕೊಡೆ, ನಾಯಿ, ಪಾದ್ರಿಯ ಟೋಪಿ, ಎಲ್ಲ ತೊಟ್ಟಿಕ್ಕುತ್ತವೆ.
ನನಗೆ ಮಾತ್ರ ದಿನಕ್ಕೆ ನಾಲ್ಕು ಲೋಟ.
ಅದರಲ್ಲೇ ಚಹಾ, ಅದರಲ್ಲೇ ಸಾರು, ಅದರಲ್ಲೇ ಹದಿನಾಲ್ಕು ಮಾತ್ರೆ.
ಬಾಯಾರಿದರೆ ಮಂಜಿನ ತುಂಡೊಂದನ್ನು ಕೆನ್ನೆಯೊಳಗೆ ಇಟ್ಟು
ಕರಗುವ ತನಕ ಯಾರ ಜೊತೆಗೂ ಜಗಳವಾಡುವುದಿಲ್ಲ.

ಆಸ್ಪತ್ರೆಯ ಪುಸ್ತಿಕೆಯ ಮೊದಲ ಪುಟದಲ್ಲಿ
ಸೂರ್ಯಕಾಂತಿ. ಕೆಳಗೆ, 'ಪಾಸಿಟಿವ್ ಆಗಿರಿ.'
ಆ ಪದ ನನಗೆ ಹಳೆಯ ಪರಿಚಯ.
ಮೂವತ್ತೊಂದು ವರ್ಷ ಇದೇ ಊರಿನ ಸೂಲಗಿತ್ತಿ ನಾನು.
'ಪಾಸಿಟಿವ್' ಅಂತ ಹೇಳಿದ್ದೇ
ಒಬ್ಬಳು ಕುರ್ಚಿಯಿಂದ ಜಿಗಿದು ನನ್ನ ಕೆನ್ನೆಗೆ ಮುತ್ತಿಟ್ಟಳು,
ಒಬ್ಬಳು ಗೋಡೆಗೆ ಹಣೆ ಹಚ್ಚಿ ನಿಂತಳು,
ಒಬ್ಬಳು, ಹದಿನಾರರವಳು,
ಮುಂದಿನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು.
ಒಂದೇ ಮಾತು.
ಹೊತ್ತವರು ಬೇರೆ ಬೇರೆ.

ಪಕ್ಕದ ಕುರ್ಚಿಯಲ್ಲಿ ಗ್ವಿಲಿಮ್, ಎಂಬತ್ತೆರಡು.
ಹುಬ್ಬಿನ ಮೇಲೆ ಕಲ್ಲಿದ್ದಲ ಪುಡಿ ಕೂತು ಮಾಯ್ದ ನೀಲಿ ಗಾಯ.
ಕೊಳವೆಯಲ್ಲಿ ಹೊರಟ ರಕ್ತ ತಿರುಗಿ ಬರುವುದನ್ನು ನೋಡಿ
'ಶಿಫ್ಟು ಮುಗಿಸಿ ಮೇಲೆ ಬಂತು ನೋಡು' ಅನ್ನುತ್ತಿದ್ದ.
ಅವನಿಗೆಂದು ಡಬ್ಬಿಯಲ್ಲಿ ಆಲೂಗಡ್ಡೆ ಪಲ್ಯ ಒಯ್ಯುತ್ತಿದ್ದೆ,
ಎರಡು ಸಲ ಬೇಯಿಸಿ ನೀರು ಬಸಿದದ್ದು,
ಸತ್ವವೆಲ್ಲ ಸಿಂಕಿಗೆ ಹೋಗಿ
ಸಾಸಿವೆ, ಇಂಗಿನ ಮೇಲೇ ಜೀವ ಹಿಡಿದದ್ದು.
'ಥೇಟ್ ನಮ್ಮ ಹಾಗೆ,' ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದ.

ಫೆಬ್ರವರಿಯ ಒಂದು ಬುಧವಾರ
ಅವನ ಕುರ್ಚಿಗೆ ಹೊಸ ಹಾಳೆ ಹಾಸಿತ್ತು.
ಅವತ್ತು ನಾನು ಚೆನ್ನಾಗಿರಲಿಲ್ಲ. ಅದನ್ನೂ ಬರೆಯಬೇಕು.
ವ್ಯಾನಿನವನಿಗೆ ಸುಮ್ಮಸುಮ್ಮನೆ ಬೈದೆ.
ಡಬ್ಬಿ ತೆರೆಯಲಿಲ್ಲ.
ಮನೆಗೆ ಬಂದು ಐದನೆಯ ಲೋಟ ಕುಡಿದೆ, ಆರನೆಯದನ್ನೂ,
ಆಮೇಲೆ ಲೆಕ್ಕ ಬಿಟ್ಟು ನಲ್ಲಿಗೇ ಬಾಯಿಟ್ಟೆ.

ರಾತ್ರಿ ಉಸಿರು ಕಟ್ಟಿ, ಮೂರು ದಿಂಬಿಗೆ ಒರಗಿದಾಗ
ಕಿವಿಯ ಕೆಳಗೆ ಎಡಗೈ.
ನರಕ್ಕೆ ನರ ಕೂಡಿಸಿ ಹೊಲಿದ ಜಾಗದಲ್ಲಿ
ಝುಂ ಎನ್ನುತ್ತಿತ್ತು
ಹೂವಿಲ್ಲದ ತಿಂಗಳಿನಲ್ಲಿ ಒಂದು ದುಂಬಿ,
ಯಾರ ಹಂಗೂ ಇಲ್ಲದೆ.
ಬಸಿರಿನ ಮೇಲೆ ಮರದ ಕೊಳವೆ ಊರಿ
ಎಷ್ಟು ಸಾವಿರ ಸಲ ಕೇಳಿದ್ದೇನೆ ಇಂಥದೇ ಅವಸರ.
'ಇದೆಯಮ್ಮ, ಓಡುತ್ತಾ ಇದೆ,' ತಾಯಂದಿರಿಗೆ ಹೇಳುತ್ತಿದ್ದೆ.
ಅವತ್ತು ಕತ್ತಲಲ್ಲಿ ನನಗೇ ಹೇಳಿಕೊಂಡೆ,
ಇದ್ದೀಯಲ್ಲ, ನಿಂಬೆವ್ವ.
ಇದ್ದೀಯ.

ಹೋದ ಸೋಮವಾರ ಆ ಕುರ್ಚಿಗೆ ಕೆರಿಸ್ ಬಂದಳು.
ಇಪ್ಪತ್ತನಾಲ್ಕು. ಉಣ್ಣೆಯ ಟೋಪಿ ಕಣ್ಣಿನ ತನಕ.
ನಾನೇ ಹೆರಿಗೆ ಮಾಡಿಸಿದ ಕೂಸೂ ಇರಬಹುದು,
ಕೇಳಲು ಹೋಗಲಿಲ್ಲ.
ಧೈರ್ಯ ಹೇಳಲಿಲ್ಲ, ಸೂರ್ಯಕಾಂತಿ ತೋರಿಸಲಿಲ್ಲ.
ನರ್ಸು ಸೂಜಿ ತರುವ ಮುಂಚೆ
ಕೈ ಚಾಚಿದೆ. 'ಬೆರಳಿಡು. ಕಚ್ಚುವುದಿಲ್ಲ.'

ಇಟ್ಟಳು. ಥಟ್ಟನೆ ತೆಗೆದಳು.
ಮತ್ತೆ ಇಟ್ಟಳು.
'ಏನಿದು?'

ಡಬ್ಬಿಯ ಮುಚ್ಚಳ ತೆಗೆದೆ.
ಮೊದಲು ಒಂದು ತುತ್ತು ತಿನ್ನು, ಹೇಳುತ್ತೇನೆ.
ನಾಲ್ಕು ಗಂಟೆ ಹೊತ್ತಿದೆ ನಮಗೆ.