ಊರಿಗೆ ಬಂದವಳು

ಬಟ್ಟೆ ಒಗೆಯುವ ಯಂತ್ರಗಳ ರಿಪೇರಿ ನನ್ನ ಕಸುಬು.
ಗೊಥೆನ್‌ಬರ್ಗಿನ ಈ ತುದಿಯಿಂದ ಆ ತುದಿಗೆ
ಮೂವತ್ತು ವರ್ಷ ಟ್ರಾಮಿನಲ್ಲಿ ಸ್ಪ್ಯಾನರು ಹೊತ್ತಿದ್ದೇನೆ.
ಊರು ಹೇಗಿದೆ ಎಂದರೆ ನಕಾಶೆ ಬಿಡಿಸಲಾರೆ,
ನೆಲಮಾಳಿಗೆಗಳ ವಾಸನೆ ಹೇಳಬಲ್ಲೆ.

ಟ್ರಾಮು ಗುಡ್ಡ ಹತ್ತುವಾಗ
ನಿಲ್ದಾಣಕ್ಕೊಂದರಂತೆ ಭಾಷೆಗಳು ಹತ್ತುತ್ತವೆ,
ಸ್ವೀಡಿಶ್ ಮೆಲ್ಲನೆ ಇಳಿದುಹೋಗುತ್ತದೆ.
ಕೊನೆಯಲ್ಲಿ ಎಂಟು ಅಂತಸ್ತಿನ ಬೂದು ಕಟ್ಟಡಗಳು,
ಬಾಲ್ಕನಿಗೊಂದು ಡಿಶ್,
ಎಲ್ಲವೂ ದಕ್ಷಿಣಕ್ಕೆ ಕಿವಿಗೊಟ್ಟು.

ನಾನೂ ಬೋಸ್ನಿಯಾದಿಂದ ಬಂದು ಮೊದಲು ಇಳಿದದ್ದು ಅಲ್ಲೇ.
ಎಲ್ಲಿರುತ್ತೀಯ ನೆಜಾದ್ ಎಂದು ಯಾರೂ ಕೇಳಲಿಲ್ಲ,
ಚಿಕ್ಕಪ್ಪನ ಸೋಫಾ ಎಲ್ಲಿತ್ತೋ ಅದೇ ನನ್ನ ಬಡಾವಣೆ.
ಲೆಟೆಬ್ರಹಾನಳಿಗೂ ಹಾಗೆಯೇ:
ಅಸ್ಮಾರಾದ ಗೆಳತಿಯ ಫೋನ್ ನಂಬರು,
ಅದರ ಹಿಂದೆ ಒಂದು ಬಾಗಿಲು.

ಕಟ್ಟಡದ ತಳದಲ್ಲಿ ಎಲ್ಲರಿಗೂ ಸೇರಿ ಒಂದೇ ಒಗೆಯುವ ಕೋಣೆ.
ಗೋಡೆಯ ಮೇಲೆ ಹಲಗೆ, ಮನೆಗೊಂದು ಪುಟ್ಟ ಬೀಗ.
ಬೇಕಾದ ಗಂಟೆಯ ತೂತಿಗೆ ಬೀಗ ಸಿಕ್ಕಿಸಿದರೆ
ಮೂರು ತಾಸು ನೀರು ನಿನ್ನದು.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?
ಬಂದಳು. ಸಿಕ್ಕಿಸಿದಳು.
ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ.

ಅದು ಇರ್ಯಾಳ ಗಂಟೆ. ನಲವತ್ತು ವರ್ಷದಿಂದ ಅವಳದೇ.
ಬಾಲ್‌ಬೇರಿಂಗ್ ಕಾರ್ಖಾನೆಗೆಂದು ಫಿನ್‌ಲೆಂಡಿನಿಂದ ಬಂದವಳು,
ಉಳಿದವರೆಲ್ಲ ಗುಡ್ಡ ಇಳಿದುಹೋದರೂ ಉಳಿದವಳು.
ಫಿನ್ನಿಶ್‌ನಲ್ಲಿ ಬೈದಳು,
ಲೆಟೆಬ್ರಹಾನ್ ತಿಗ್ರಿನ್ಯದಲ್ಲಿ ತಿರುಗಿಸಿಕೊಟ್ಟಳು.
ನಾನು ಯಂತ್ರದೊಳಗೆ ತಲೆಯಿಟ್ಟವನು
ಅಲ್ಲೇ ಇಟ್ಟುಕೊಂಡಿದ್ದೆ.

ಮತ್ತೆ ನೋಡಿದಾಗ ಚಾದರದ ಎರಡು ತುದಿಗೆ ಇಬ್ಬರು.
ದೊಡ್ಡ ಚಾದರ ಒಬ್ಬರ ಕೈಗೆ ಮಡಚಿಕೊಳ್ಳುವುದಿಲ್ಲ.
ಇಬ್ಬರಿಗೂ ಸರಿಯಾಗಿ ಬಾರದ ಸ್ವೀಡಿಶಿನಲ್ಲಿ
ಎಡಕ್ಕೆ ಎಂದಳು ಒಬ್ಬಳು, ಎಳೆ ಎಂದಳು ಇನ್ನೊಬ್ಬಳು.

ಇರ್ಯಾ ಒಮ್ಮೆ ಅಂದಳು:
ಆಗ ನಮ್ಮನ್ನು ಕುಡುಕರು ಅನ್ನುತ್ತಿದ್ದರು, ಚಾಕುವಿನವರು.
ಈಗ ನಾವು ಇಲ್ಲಿಯವರೇ.
ನಾವೇನೂ ಮಾಡಲಿಲ್ಲ,
ನಮ್ಮ ಹಿಂದೆ ನೀವು ಬಂದಿರಿ, ಅಷ್ಟೆ.

ಹನ್ನೊಂದು ವರ್ಷ ಕಾದ ಪಟ್ಟಿಯಲ್ಲಿ
ಲೆಟೆಬ್ರಹಾನಳ ಹೆಸರು ಬಂತು.
ನದಿಯಾಚೆ, ಸಮುದ್ರ ಕಾಣುವ ಬಡಾವಣೆ,
ಮೆಟ್ಟಿಲ ಮೇಲೆ ಹೂಕುಂಡ, ಮಗ ಫಿಲ್ಮೊನನಿಗೆ ಒಳ್ಳೆ ಶಾಲೆ.
ಅಲ್ಲಿಯೂ ನೆಲಮಾಳಿಗೆಯಲ್ಲಿ ಯಂತ್ರ, ಹೊಳೆಯುವಂಥದ್ದು.
ಮೂರನೇ ವಾರ ಅದರ ಮೇಲೊಂದು ಚೀಟಿ:
ದಯವಿಟ್ಟು ಫಿಲ್ಟರ್ ತೊಳೆಯಿರಿ, ಎಲ್ಲರೂ ಹೀಗೆ ಬದುಕುವುದಿಲ್ಲ.
ಕೆಳಗೆ ನಗುಮುಖದ ಚಿತ್ರ. ಹೆಸರಿಲ್ಲ.

ನನ್ನನ್ನು ಕರೆಸಿದರು. ಬಿಚ್ಚಿ ನೋಡಿದೆ.
ಫಿಲ್ಟರಿನ ತುಂಬ ಬಿಳಿ ನಾಯಿಯ ಕೂದಲು.
ಲೆಟೆಬ್ರಹಾನಳ ಮನೆಯಲ್ಲಿ ನಾಯಿಯಿಲ್ಲ.
ಒಂದು ಹಿಡಿ ಕೂದಲನ್ನು ಚೀಟಿಯ ಪಕ್ಕಕ್ಕೆ
ಟೇಪು ಹಚ್ಚಿ ಅಂಟಿಸಿ ಬಂದೆ.
ಅದು ನನ್ನ ಕೆಲಸದಲ್ಲಿ ಬರುವುದಿಲ್ಲ.
ಬಿಲ್ಲಿಗೆ ಸೇರಿಸಲಿಲ್ಲ.

ಹಾಗಂತ ಯಾವ ಕಡೆ ಒಳ್ಳೆಯದು ಅಂತ ನನ್ನ ಕೇಳಬೇಡಿ.
ಫಿಲ್ಮೊನನಿಗೆ ಬೇಸಿಗೆಯ ಕೆಲಸ ಸಿಕ್ಕಿತು
ಗೆಳೆಯನ ಅಪ್ಪನ ಒಂದೇ ಒಂದು ಫೋನಿನಿಂದ.
ಗುಡ್ಡದ ಮೇಲಿನ ಅವನ ಹಳೆಯ ಗೆಳೆಯರು
ಇನ್ನೂ ಅರ್ಜಿ ತುಂಬುತ್ತಿದ್ದಾರೆ,
ವಿಳಾಸದ ಸಾಲಿಗೆ ಬಂದಾಗ
ಪೆನ್ನು ತುಸು ನಿಧಾನ.
ಆದರೆ ಸಮುದ್ರ ಕಾಣುವ ಅಡುಗೆಮನೆಯಲ್ಲಿ
ಕಾಫಿ ಹುರಿಯುವಾಗ ಅವಳು ಕಿಟಕಿ ಮುಚ್ಚುತ್ತಾಳೆ.
ಇಲ್ಲಿ ತೆರೆದಿಡುತ್ತಿದ್ದಳು,
ಮೂರು ಅಂತಸ್ತಿನವರು ಬಟ್ಟಲು ಹಿಡಿದು ಬರುತ್ತಿದ್ದರು.

ಮಂಗಳವಾರ ಬಂತೆಂದರೆ
ಎಂಟೂಕಾಲಿನ ಟ್ರಾಮಿನಲ್ಲಿ ಒಂದು ನೀಲಿ ಚೀಲ,
ಚೀಲದ ಹಿಂದೆ ಲೆಟೆಬ್ರಹಾನ್.
ಸೇತುವೆ ದಾಟಿ, ಗುಡ್ಡ ಹತ್ತಿ,
ಇರ್ಯಾಳ ಬೀಗದ ಗಂಟೆಗೆ ಚಾದರ ಒಗೆಯಲು.
ನಿನ್ನ ಹೊಸ ಯಂತ್ರಕ್ಕೇನಾಯಿತು ಅಂದೆ.
ಕೆಟ್ಟಿದೆ ಅಂದಳು.
ಅದನ್ನು ಸರಿ ಮಾಡಿದವನು ನಾನೇ.
ಹೌದು, ಕೆಟ್ಟಿದೆ ಅಂದೆ.

ಮೊನ್ನೆ ಅವಳ ಹಳೆಯ ಮನೆಯ ಬೀಗ ಹಿಡಿದು
ಹೊಸಬಳೊಬ್ಬಳು ಬಾಗಿಲಲ್ಲಿ ನಿಂತಿದ್ದಳು.
ಯಾವ ದೇಶವೋ, ಇನ್ನೂ ಕೇಳಿಲ್ಲ.
ಹಲಗೆ ತೋರಿಸಿ, ಎಲ್ಲಿ, ಎಂದು ಬೆರಳಲ್ಲೇ ಕೇಳಿದಳು.
ಚಾದರದ ಆ ತುದಿಯಿಂದ ಇರ್ಯಾ,
ಈ ತುದಿಯಿಂದ ಲೆಟೆಬ್ರಹಾನ್,
ಒಂದೇ ಉಸಿರಿಗೆ, ತಪ್ಪು ವ್ಯಾಕರಣದಲ್ಲಿ:
ಮಂಗಳವಾರ ಒಂದು ಬೇಡ!