ಬೀಗದ ಕೈ

ಮೊದಲು ಶಟರ್ ಇಳಿದ ಸದ್ದು. ಆಮೇಲೆ
ಕೊಂಡಿ ಕಚ್ಚಿದ ಸದ್ದು, ಸಣ್ಣದು.
ಏಳು ಲಿವರಿನ ಬೀಗವೆಂದು ಕಿವಿಯೇ ಹೇಳಿತು;
ಕೊಂಡುಕೊಟ್ಟವನು ನಾನೇ,
ಬಂದೋಬಸ್ತ್ ಮಾಲು, ಮನೆಗಿರಲಿ ಕೊಟ್ರೇಶಿ, ಎಂದು.

ಮಂಡಿಪೇಟೆಯ ಆ ಅಂಗಡಿಯೊಳಗೆ
ತಿಜೋರಿ ಬಾಯಿ ತೆರೆದು ನಿಂತಿತ್ತು,
ಗಂಟು ಆಗಲೇ ಅವನ ಹೆಗಲೇರಿತ್ತು.
ಹತ್ತಿಬೀಜದ ಹಿಂಡಿಯ ವಾಸನೆಯಲ್ಲಿ ಕೂತೆ.
ಹೊರಗಿನ ಬೀಗಕ್ಕೆ ಒಳಗಿನವನ ಬೆರಳು ಮುಟ್ಟುವುದಿಲ್ಲ:
ಇಪ್ಪತ್ತು ವರ್ಷದ ಕಸುಬಿನಲ್ಲಿ
ಇದೊಂದು ಪಾಠ ಬಿಟ್ಟುಹೋಗಿತ್ತು.
ಆರಕ್ಕೆ ಪೊಲೀಸರು ಬಂದರು. ಏನೂ ಒಡೆಯಲಿಲ್ಲ.
ಬೀಗದ ಕೈ ಅವರ ಬಳಿಯೇ ಇತ್ತು.

ಬೀಗ ಅಂತಲೇ ಕರೆಯುತ್ತಿದ್ದೆ ಅವನನ್ನು.
ಮುಚ್ಚಿದ ಕಾಟನ್ ಮಿಲ್ಲಿನ ಗೋಡೆಗೊರಗಿ
ಮಿರ್ಚಿ ತಿನ್ನುತ್ತ ಆದ ಮಾತು:
ನನ್ನ ದುಗ್ಗಿ, ಅವನ ಕರಿಬಸು.
ಆಗ ಅವಳಿಗೆ ಹನ್ನೊಂದು.
ಬೀಗ ತೆಗೆಯೋನಿಗೆ ಬೀಗ ಸಿಕ್ಕ, ಅಂತ ಅವನೇ ನಕ್ಕ.
ನಕ್ಕವನೇ ಕೈ ಕೊಟ್ಟ.

ಬಳ್ಳಾರಿ ಜೈಲಿನಲ್ಲಿ ಐದು ವರ್ಷ.
ಕಮ್ಮಾರಿಕೆಯ ಶೆಡ್ಡಿನಲ್ಲಿ ಒಂದು ಬೀಗ ಮಾಡಿದೆ,
ಅಂಗೈಯಗಲ. ಒಮ್ಮೆ ಒತ್ತಿದರೆ
ನನ್ನ ಹೊರತು ಯಾರಿಗೂ ಬಿಚ್ಚಲು ಬಾರದ್ದು.
ಯಾವ ಬಾಗಿಲಿಗೋ, ಅಂದ ವಾರ್ಡರು. ನಾನು ಅರ ಉಜ್ಜುತ್ತಲೇ ಇದ್ದೆ.
ಮೂರನೆಯ ವರ್ಷ ದುಗ್ಗಿ ನೋಡಲು ಬರುವುದು ನಿಂತಿತು.
ಅದನ್ನೂ ಅವನ ಲೆಕ್ಕಕ್ಕೇ ಬರೆದೆ.

ಬಿಟ್ಟ ಮೇಲೆ ಹದಿನಾರು ದಿನ
ದಾದಾಪೀರನ ಮಂಡಕ್ಕಿ ಭಟ್ಟಿಯಲ್ಲಿ ಮಲಗಿದೆ.
ಟೈರಿನ ಹೊಗೆ; ಮುಖ ತೊಳೆದರೂ ಮುಖ ಸಿಗುವುದಿಲ್ಲ,
ನನ್ನಂಥವನಿಗೆ ಒಳ್ಳೆಯ ಜಾಗ.
ಹಗಲು ಎಂಸಿಸಿ ಬಿ ಬ್ಲಾಕಿಗೆ ಕಾಲಿಡುವಂತಿರಲಿಲ್ಲ,
ರಾತ್ರಿ ಹೋಗಿ ಅವನ ಮನೆ ಓದಿದೆ.
ಕಿಟಕಿಗೆಲ್ಲ ಸರಳು.
ಹಿತ್ತಿಲ ಬಾಗಿಲನ್ನು ವಾಸ್ತುವಿಗೆಂದು ಇಟ್ಟಿಗೆಯಿಟ್ಟು ಮುಚ್ಚಿಸಿದ್ದಾನೆ.
ಒಂದೇ ಬಾಗಿಲು, ಪುಣ್ಯಾತ್ಮ!
ಜೈಲಾಗಲು ಒಂದು ಬೀಗ ಕಡಿಮೆ, ಅಷ್ಟೆ.
ಸೊಸೆ ಬಂದಿದ್ದಾಳಂತೆ, ಅಂದಿದ್ದ ದಾದಾಪೀರ.
ಬಂಗಾರವಿರುತ್ತದೆ ಎಂದುಕೊಂಡೆ.

ಅಮಾವಾಸ್ಯೆ. ಎರಡು ಗಂಟೆ.
ಹರಿಹರದ ಕಡೆಯ ಗೂಡ್ಸ್ ಗಾಡಿ ಕೂಗಿತು,
ಬಾಗಿಲು ಕೂಗಲಿಲ್ಲ.
ನಡುಮನೆಯ ಗೋಡೆಗೆ ಮದುವೆಯ ಫೋಟೋ.
ಟಾರ್ಚಿಗೆ ಅಂಗೈ ಮುಚ್ಚಿ ಬೆರಳಸಂದಿಯ ಬೆಳಕಲ್ಲಿ ನೋಡಿದೆ:
ಕರಿಬಸು, ಬಾಸಿಂಗ ಒಂದು ಕಡೆ ಜಾರಿದೆ.
ಪಕ್ಕದಲ್ಲಿ
ದುಗ್ಗಿ.
ಧಾರೆ ಎರೆಯುವ ಕೈ ನನ್ನ ತಮ್ಮನದು.
ಜರಿ ರುಮಾಲು ಸುತ್ತಿದ ಕೊಟ್ರೇಶಿ
ಹಿಂದೆ ನಿಂತು ಅಳುತ್ತಿದ್ದಾನೆ, ಕಳ್ಳ ನನ್ಮಗ.
ಅಳು ನಿಜದ್ದೇ ಇರಬೇಕು.

ಒಳಕೋಣೆಯಲ್ಲಿ ಯಾರೋ ಕೆಮ್ಮಿದರು.
ಆ ಕೆಮ್ಮು ನನಗೆ ಗೊತ್ತು: ಮೂರು ಸಲ,
ಆಮೇಲೆ ನೀರು,
ಆಮೇಲೆ ಲೋಟ ಕೆಳಗಿಟ್ಟ ಸದ್ದು.

ಕೇಳಬೇಕಿತ್ತು. ಆ ಗಂಟಿನಲ್ಲೇ ಆದ ಮದುವೆಯೇ ಇದು?
ನನ್ನ ಒಳಗೆ ಹಾಕಿಯೂ ಮಾತು ಉಳಿಸಿಕೊಂಡನೇ,
ಉಳಿಸಿಕೊಳ್ಳಲೆಂದೇ ಹಾಕಿದನೇ?
ನಿನಗೆ ಗೊತ್ತಿತ್ತೇನೇ ದುಗ್ಗೀ?
ಮನೆಯವರನ್ನು ಎಬ್ಬಿಸಿ ಕೇಳುವ ಪದ್ಧತಿ
ನಮ್ಮ ಕಸುಬಿನಲ್ಲಿಲ್ಲ.

ಅಡುಗೆಮನೆಯಲ್ಲಿ ಮುಚ್ಚಿಟ್ಟ ರೊಟ್ಟಿ,
ಆರಿದ ಬದನೆಕಾಯಿ ಪಲ್ಯ, ಅವಳ ಕೈಯದೇ.
ಕತ್ತಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಉಂಡೆ,
ಅವಸರವಿಲ್ಲದೆ,
ಎರಡು ವರ್ಷ ಬಾಕಿಯಿದ್ದ,
ಕುರಿ ಕಡಿಯದ ಬೀಗರೂಟ.
ತಟ್ಟೆ ತೊಳೆದು ಬೋರಲು ಹಾಕಿದೆ.

ಹೊರಗೆ ಬಂದು ಬಾಗಿಲ ಕೊಂಡಿಗೆ ಬೀಗ ತೂಗುಹಾಕಿದೆ.
ಚಿಲಕ ಎಳೆಯಲಿಲ್ಲ. ಬೀಗ ಒತ್ತಲಿಲ್ಲ.
ಹಾಲಿಗೆಂದು ಕದ ತೆರೆದಾಗ ಅವನು ನೋಡುತ್ತಾನೆ.
ಯಾರ ಕೈಕೆಲಸವೆಂದು ತಿಳಿಯುತ್ತದೆ,
ಒತ್ತಲು ಒಂದು ಬೆರಳು ಸಾಕೆಂಬುದೂ.
ಬೀಗದ ಕೈ ನನ್ನ ಉಡಿದಾರದಲ್ಲಿದೆ.

ಭಟ್ಟಿಯಲ್ಲಿ ಆಗಲೇ ಮರಳು ಕಾದಿತ್ತು.
ರಾತ್ರಿಯೆಲ್ಲ ಎಲ್ಲಿದ್ದಿಯಪಾ, ಅಂದ ದಾದಾಪೀರ.
ಬೀಗರ ಮನೆಗೆ ಹೋಗಿದ್ದೆ.
ಉಂಡ್ಯಾ?
ಉಂಡೆ. ಉಪ್ಪು ಒಂಚೂರು ಜಾಸ್ತಿ.