ಮೂರರ ಹೊಟ್ಟೆ

ಹುಬ್ಬಳ್ಳಿಯಿಂದ ಬಂದವರು ಹಲ್ಲಿನ ಡಾಕ್ಟರು,
ಮೆಣಸಿನಕಾಯಿ ಅಂತ ಮನೆತನದ ಹೆಸರು.
ಕೋಡಿಬಾಗದ ಕಾರ್ಮೆಲಿನ್ ಬಾಯಿಯ ಶೆಡ್ಡಿನಲ್ಲಿ
ತಾಡಪಾಲು ಸರಿಸಿದಾಗ
ಇಬ್ಬರೇ ಕೂರುವ ಆ ಕೆಂಪು ಇಂಗ್ಲಿಷ್ ಕಾರು ನೋಡಿ
ತೆರೆದ ಬಾಯಿ ಮುಚ್ಚಲಿಲ್ಲ.

ನನ್ನದು ಬೋಟಿನ ಎಂಜಿನ್ನಿನ ಕೆಲಸ, ಬೈತಖೋಲದಲ್ಲಿ.
"ಒರಿಜಿನಲ್ ಹೌದೋ ಅಲ್ಲೋ, ಅಷ್ಟ ಹೇಳ್ರಿ" ಅಂದರು.
ಆ ಅಷ್ಟಕ್ಕೆ ಅರ್ಧ ದಿನ ಹಿಡಿಯಿತು.

ಕಬ್ಬಿಣಕ್ಕೆ ಇಲ್ಲಿ ಆಯುಷ್ಯ ಕಡಿಮೆ,
ಕಾಳಿ ಕಡಲು ಸೇರುವಲ್ಲಿ ಗಾಳಿಗೂ ಉಪ್ಪು ಹಾಕಿರುತ್ತದೆ.
ಕರವಸ್ತ್ರದಲ್ಲಿ ಸುತ್ತಿದ ಅಯಸ್ಕಾಂತವನ್ನು
ಬಾಗಿಲ ಬುಡದಿಂದ ಮಡ್ಗಾರ್ಡಿನವರೆಗೆ ನಡೆಸಿದೆ.
ಹಿಡಿಯಿತು, ಹಿಡಿಯಿತು, ಹಿಂದಿನ ಚಕ್ರದ ಮೇಲೆ
ಗೋಡೆ ಬಿಟ್ಟ ಹಲ್ಲಿಯಂತೆ ಬಿತ್ತು.
ಅಲ್ಲಿ ತಗಡಿಲ್ಲ, ಪುಟ್ಟಿ.
ಬಾಗಿಲ ರಬ್ಬರು ಎತ್ತಿದರೆ ಕೆಂಪಿನಡಿ ಹಸಿರು,
ಹಣ್ಣಾದ ಮುರುಗಲು
ತಾನು ಕಾಯಿಯಾಗಿದ್ದನ್ನು ಬಚ್ಚಿಟ್ಟ ಹಾಗೆ.

ಎಣ್ಣೆಯ ಮುಚ್ಚಳ ತಿರುಗಿಸಿ ಮೂಸಿದೆ.
ತೆಂಗಿನ ಹಾಲಿನ ಬಿಳುಪಿಲ್ಲ, ನೀರು ಒಳಗೆ ಇಳಿದಿಲ್ಲ.
ಪ್ಲಗ್ಗುಗಳ ತುದಿ ಹುರಿದ ಗೋಧಿಯ ಬಣ್ಣ.
ಸಿಲಿಂಡರಿಗೆ ಮಾಪಕ ಚುಚ್ಚಿ ತಿರುಗಿಸಿದರೆ
ಮೂರು ಜವಾಬು ಕೊಟ್ಟವು, ನಾಲ್ಕನೆಯದು ಗೊಣಗಿತು.
ಒಂದು ಚಮಚ ಎಣ್ಣೆ ಕುಡಿಸಿದೆ, ಮುಳ್ಳು ಏರಿತು.
ರಿಂಗು ಸವೆದಿದೆ, ವಾಲ್ವು ಗಟ್ಟಿ ಅಂದೆ.
ಡಾಕ್ಟರು ಬರೆದುಕೊಂಡರು,
ಕೆಳದವಡೆ, ಎಡಗಡೆ ಅನ್ನುವ ಮುಖ ಮಾಡಿ.

ಉಳಿದದ್ದು ನಂಬರು.
ಪುಸ್ತಕದಲ್ಲಿದ್ದದ್ದು ಬ್ಲಾಕಿನ ಮೇಲೂ ಇರಬೇಕು.
ಡೈನಮೋದ ಹಿಂದೆ ಆ ಜಾಗ: ಕೈ ಹೋಗುತ್ತದೆ, ಕಣ್ಣು ಹೋಗುವುದಿಲ್ಲ.
ಡಾಕ್ಟರು ಜೇಬಿನಿಂದ ಬಾಯಿ ನೋಡುವ ಕನ್ನಡಿ ತೆಗೆದರು,
ಉದ್ದ ಕಡ್ಡಿಯದು.
ಸೀಮೆಎಣ್ಣೆಯ ಬ್ರಶ್ಶಿನಿಂದ ಜಿಡ್ಡು ಕಳೆದು
ಬ್ಯಾಟರಿ ಬಿಟ್ಟೆ.
ಉಲ್ಟಾ ನಿಂತ ಅಂಕಿಗಳನ್ನು ಒಂದೊಂದೇ ಕೂಡಿಸಿ ಓದಿದೆ.
"ಮ್ಯಾಚ್ ಆತಲ್ರೀ!"

ಅದರಲ್ಲಿ ಮೂರು ಎರಡು ಸಲ ಬರುತ್ತದೆ.
ಎರಡು ಸಲವೂ ಅದರ ಕೆಳಹೊಟ್ಟೆ ಹರಿದಿದೆ.

ಎಂಬತ್ತಮೂರರ ಮಳೆಗಾಲ. ನನಗೆ ಹದಿನೇಳು.
ದೇವಿಮನೆ ಘಾಟಿಯಲ್ಲಿ ಕಾದು ಬ್ಲಾಕು ಸೀಳಿತ್ತು.
ಮುಂಬಯಿಯ ಗುಜರಿಯಿಂದ ಇನ್ನೊಂದು ಬಂತು
ಲಾರಿಯಲ್ಲಿ, ಹುಲ್ಲು ಸುತ್ತಿಕೊಂಡು.
ಇನಾಸ್ ಮೇಸ್ತ ಅದರ ನಂಬರನ್ನು ಅರದಿಂದ ತಿಕ್ಕಿ ತೆಗೆದು
ಪಂಚಿನ ಡಬ್ಬಿ ನನ್ನ ಕೈಗಿಟ್ಟ:
"ಹಳೇದನ್ನೇ ಹೊಡಿ. ನೇರ ಹೊಡಿ."
ಕೈ ನಡುಗಿ ಮೂರು ಜಾರಿ ಕಲ್ಲಿನ ಮೇಲೆ ಬಿತ್ತು,
ನನ್ನ ಕೆನ್ನೆಗೊಂದು ಬಿತ್ತು.
ಹೆಕ್ಕಿಕೊಂಡು ಹೊಡೆದೆ.
ಆ ಡಬ್ಬಿ ಈಗ ನನ್ನದು, ಮೂರು ಇವತ್ತೂ ಅದರ ಗೂಡಿನಲ್ಲಿದೆ.

ತಲೆ ಎತ್ತಿದರೆ ಬಾಗಿಲಲ್ಲಿ ಕಾರ್ಮೆಲಿನ್ ಬಾಯಿ,
ಚಹದ ತಟ್ಟೆ ಹಿಡಿದು.
ಪ್ರತಿ ರವಿವಾರ ಇಗರ್ಜಿಯ ಎದುರು ಅವಳ ಗಂಡ
ಬಾನೆಟ್ಟು ತಟ್ಟಿ ಹೇಳುತ್ತಿದ್ದ: "ಒಂದು ಬೋಲ್ಟೂ ಬೇರೆಯದಲ್ಲ."
ಹಾಗೆ ಹೇಳುತ್ತಲೇ ಸತ್ತ.
"ಅವರಿಗೆ ನಾನು ಹೇಳಲಿಲ್ಲ" ಅಂದಳು,
"ಇವರಿಗೆ ನೀನು ಹೇಳು."

ಹೇಳಿದೆ.
ಡಾಕ್ಟರು ಚಹ ಆರುವವರೆಗೆ ಸುಮ್ಮನಿದ್ದರು.
ಬೆಲೆಯಲ್ಲಿ ಎಷ್ಟು ಇಳಿಸಬೇಕು ಅಂತ ಕೇಳಲಿಲ್ಲ.
"ಮತ್ತ ಒರಿಜಿನಲ್ ಎಲ್ಲೈತ್ರೀ?"

ಬೈತಖೋಲದ ಧಕ್ಕೆಯಾಚೆ, ಮೂರು ಮಾರು ನೀರಿನಡಿ, ಕೆಸರಲ್ಲಿ.
ಸೀಳಿದ ಬ್ಲಾಕಿಗೆ ಹಗ್ಗ ಬಿಗಿದು ಠಾಕು ತಾಂಡೇಲ
ದೋಣಿಗೆ ಲಂಗರು ಮಾಡಿಕೊಂಡ.
ದೋಣಿ ಎರಡು ಸಲ ಬದಲಾಯಿತು, ಹಗ್ಗ ಎಷ್ಟೋ ಸಲ.
ಕಂಪನಿಯವರೇ ಹೊಡೆದ ತುಂಬು ಹೊಟ್ಟೆಯ ಮೂರುಗಳು
ಅದರ ಮೇಲೆ ಇದ್ದಾವು.
ಕಡಲು ತಿಂದಿದ್ದರೂ ತಿಂದಿದ್ದೀತು.

"ಎತ್ತಾಕ ಬರ್ತೈತೇನ್ರೀ?"
ಬರುತ್ತದೆ, ಅಮಾವಾಸ್ಯೆಯ ಇಳಿತಕ್ಕೆ.
ಠಾಕುವಿನ ಮಗನನ್ನು ಕೇಳಬೇಕು.
ಆ ರಾತ್ರಿ ಅವನ ದೋಣಿ ಏನು ಹಿಡಿದು ನಿಲ್ಲಬೇಕು?

ಕನ್ನಡಿ ಮರೆತು ಹೋಗಿದ್ದಾರೆ.
ಡಬ್ಬಿಯಲ್ಲಿ ಮೂರರ ಪಕ್ಕ ಇಟ್ಟಿದ್ದೇನೆ.
ಅಂಚಿಗೆ ಆಗಲೇ ಉಪ್ಪು ಹಿಡಿದಿದೆ.